ಮಂಕು ಬಣ್ಣದ ಬೀದಿಚಿತ್ರಕ್ಕೆ ಬ್ರಸ್ಟ್ರೋ 25% ಕಾಟನ್ ಪೇಪರ್: ಎರಡು ವಾಶ್‌ವರೆಗೆ ನಂಬಬಹುದು

ಮಳೆ ನಿಂತ ಮೇಲಿನ ಬೆಂಗಳೂರಿನ ಅವೆನ್ಯೂ ರಸ್ತೆಯಂಥ ಇಕ್ಕಟ್ಟಿನ ಪೇಟೆಬೀದಿಯನ್ನು ಮಂಕು ಬಣ್ಣಗಳಲ್ಲಿ, ಕಿಟಕಿ ಬಾಗಿಲು ಎಣಿಸದೆ ಜಲವರ್ಣದಲ್ಲಿ ಬಿಡಿಸುವವರಿಗೆ ಬ್ರಸ್ಟ್ರೋ ಕಂಪನಿಯ 300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ ತೂಗುವ), 25% ಕಾಟನ್, ಕೋಲ್ಡ್ ಪ್ರೆಸ್ಡ್ (ತುಸು ಒರಟು ಮೈಯ) ಪೇಪರ್ ಚೆನ್ನಾಗಿ ಒಗ್ಗುತ್ತದೆ. ಆದರೆ ಚಿತ್ರ ಎರಡು ವಾಶ್‌ನಲ್ಲಿ, ಅಂದರೆ ನೀರು ಬೆರೆಸಿದ ಬಣ್ಣದ ಎರಡು ಪದರದಲ್ಲಿ, ಮುಗಿಯಬೇಕು.

ಪೂರ್ತಿ ಕಾಟನ್ ಪೇಪರ್ ನೀರನ್ನು ಒಳಗೆಳೆದುಕೊಂಡು ಹೆಚ್ಚು ಹೊತ್ತು ತೇವವಾಗಿರುತ್ತದೆ. ಈ 25% ಪೇಪರ್‌ನಲ್ಲಿ ಬಣ್ಣ ಮೇಲುಮೇಲೆಯೇ ಕೂತು ಬೇಗ ಒಣಗುತ್ತದೆ. ಮೂರನೇ ವಾಶ್ ಎಳೆದರೆ ಕೆಳಗಿನ ಪದರ ಕದಡುತ್ತದೆ. ತಿಳಿಬೂದು ಹೋಗಿ ರಾಡಿ ಉಳಿಯುತ್ತದೆ.

ಬಣ್ಣ ಮೂರು ಸಾಕು: ಅಲ್ಟ್ರಾಮರೀನ್ ಬ್ಲೂ, ಬರ್ನ್ಟ್ ಸಿಯೆನ್ನಾ (ಕೆಂಗಂದು), ಯೆಲ್ಲೋ ಓಕರ್ (ಮಣ್ಣು ಹಳದಿ). ಮೊದಲೆರಡು ಬೆರೆತರೆ ಬೂದು. ನೀಲಿ ಹೆಚ್ಚಿದ್ದರೆ ದೂರದ ಕಟ್ಟಡಕ್ಕೆ, ಸಿಯೆನ್ನಾ ಹೆಚ್ಚಿದ್ದರೆ ಹತ್ತಿರದ ಅಂಗಡಿಗೆ. ಕಪ್ಪು ಟ್ಯೂಬ್ ಮುಟ್ಟಲೇಬೇಡಿ, ನೆರಳು ಸತ್ತುಹೋಗುತ್ತದೆ.

ಹಾಳೆಯ ನಾಲ್ಕೂ ಬದಿಗೆ ಟೇಪ್ ಹಾಕಿ. ಇಲ್ಲದಿದ್ದರೆ 300 ಜಿಎಸ್‌ಎಂ ಕೂಡ ಉಬ್ಬುತ್ತದೆ, ತಗ್ಗಿನಲ್ಲಿ ಬಣ್ಣ ನಿಲ್ಲುತ್ತದೆ. ಹಲಗೆಯ ಮೇಲಂಚನ್ನು ಎರಡು ಇಂಚು ಎತ್ತಿಟ್ಟು, ಒಂದಿಂಚಿನ ಫ್ಲಾಟ್ ಬ್ರಷ್‌ನಲ್ಲಿ ಆಕಾಶದಿಂದ ರಸ್ತೆಯವರೆಗೆ ಒಂದೇ ವಾಶ್ ಎಳೆಯಿರಿ. ಆಟೋದ ಮೇಲ್ಛಾವಣಿ, ಕೊಡೆಗಳ ಜಾಗ ಬಿಳಿಯಾಗಿಯೇ ಇರಲಿ. ದೂರದ ಕಟ್ಟಡಗಳನ್ನು ನೀರಿನ ಹೊಳಪು ಮಾಯವಾಗುತ್ತಿದ್ದಂತೆಯೇ ಇಡಬೇಕು. ಈ ಪೇಪರ್‌ನಲ್ಲಿ ಆ ಗಳಿಗೆ ತೀರಾ ಚಿಕ್ಕದು. ಬೂದು ಬಣ್ಣ ಮೊದಲೇ, ತುಸು ಗಟ್ಟಿಯಾಗಿ, ಕಲಸಿಟ್ಟಿರಬೇಕು. ಬ್ರಷ್‌ನಲ್ಲಿ ಹಾಳೆಗಿಂತ ಹೆಚ್ಚು ನೀರಿದ್ದರೆ ಹೂಕೋಸಿನಂಥ ಅಂಚು ಎದ್ದೇ ಏಳುತ್ತದೆ.

ಹಾಳೆಗೆ ಅಂಗೈ ಹಿಂಬದಿ ತಾಗಿಸಿದಾಗ ತಣ್ಣಗಿದ್ದರೆ ಇನ್ನೂ ಒಣಗಿಲ್ಲ ಎಂದೇ ಅರ್ಥ. ಒಣಗಿದ ಮೇಲೆ 10ನೇ ನಂಬರಿನ ರೌಂಡ್ ಬ್ರಷ್‌ನಲ್ಲಿ ಅಂಗಡಿ, ನೆರಳು, ಜನ ಎಲ್ಲವನ್ನೂ ಒಂದೇ ಕಡು ಆಕಾರವಾಗಿ ಕೂಡಿಸಿ. ಸಮತಟ್ಟಾದ ಬೀದಿಯಲ್ಲಿ ನಿಂತು ನೋಡುವಾಗ ದೊಡ್ಡವರ ತಲೆಗಳು, ಹತ್ತಿರವಿರಲಿ ದೂರವಿರಲಿ, ಹೆಚ್ಚುಕಡಿಮೆ ಕಣ್ಣಿನ ಮಟ್ಟದ ಗೆರೆಯಲ್ಲೇ ಬರುತ್ತವೆ. ಕಾಲುಗಳಷ್ಟೇ ಮೇಲೆ ಕೆಳಗೆ. ಇದು ತಪ್ಪಿದರೆ ಜನ ಗಾಳಿಯಲ್ಲಿ ತೇಲುತ್ತಾರೆ.

ಬಣ್ಣ ಮೇಲೆಯೇ ಕೂರುವ ಗುಣ ಇಲ್ಲಿ ವರವೂ ಹೌದು. ಒದ್ದೆ ಬ್ರಷ್ ಆಡಿಸಿ ಟಿಶ್ಯೂ ಒತ್ತಿದರೆ ಹೆಡ್‌ಲೈಟಿನ ಬೆಳಕು, ರಸ್ತೆ ಮೇಲಿನ ಪ್ರತಿಫಲನ ಸಲೀಸಾಗಿ ಎದ್ದುಬರುತ್ತವೆ. ಪೂರ್ತಿ ಕಾಟನ್‌ನಲ್ಲಿ ಇಷ್ಟು ಸುಲಭವಲ್ಲ.

ಟೇಪ್ ಕೀಳುವ ಮುನ್ನ ಹೇರ್ ಡ್ರೈಯರ್‌ನಿಂದ ಬಿಸಿ ಮಾಡಿ, ಚಿತ್ರದಿಂದ ಹೊರಕ್ಕೆ ನಿಧಾನವಾಗಿ ಎಳೆಯಿರಿ. ಮಂಜು ಮುಸುಕಿದ ಬೀದಿಗೆ, ಎಲ್ಲ ಅಂಚೂ ಕರಗಬೇಕಾದ ಚಿತ್ರಕ್ಕೆ, ದುಡ್ಡು ಹೆಚ್ಚಾದರೂ ಪೂರ್ತಿ ಕಾಟನ್ ತೆಗೆದುಕೊಳ್ಳಿ. ಉಳಿದಂತೆ ಎ4 ಹಾಳೆಯನ್ನು ಅರ್ಧ ಮಾಡಿಕೊಂಡರೆ, ಒಣಗುವ ಮೊದಲೇ ಮೊದಲ ವಾಶ್ ಮುಗಿಸಲು ಸಮಯ ಸಾಲುತ್ತದೆ.