ಫೋರ್ಝಾ ಹೊರೈಜನ್ 5: ಎಕ್ಸ್‌ಟ್ರೀಮ್ ಯಾರಿಗೆ ಬೇಕು?

ಪಿಸಿ ರೇಸಿಂಗ್ ಗೇಮ್‌ಗಳಲ್ಲಿ ಇಷ್ಟು ಅಚ್ಚುಕಟ್ಟಾದ ಗ್ರಾಫಿಕ್ಸ್ ಮೆನು ಅಪರೂಪ. 2021ರ ನವೆಂಬರ್‌ನಲ್ಲಿ ಬಂದ ಈ ಗೇಮ್ ಜಿಟಿಎಕ್ಸ್ 970ರಂಥ ಹಳೇ ಗ್ರಾಫಿಕ್ಸ್ ಕಾರ್ಡಿನಲ್ಲೂ ಓಡುತ್ತದೆ, ಹೊಸ ಕಾರ್ಡನ್ನೂ ಬೆವರಿಳಿಸುತ್ತದೆ. ಆದರೆ ಎಲ್ಲ ಸೆಟ್ಟಿಂಗನ್ನೂ ಅತಿ ಮೇಲಿನ ಮಟ್ಟವಾದ ಎಕ್ಸ್‌ಟ್ರೀಮ್‌ಗೆ ಏರಿಸುವುದು ಗೇಮಿನೊಳಗೆ ಫೋಟೋ ತೆಗೆಯುವ ಫೋಟೋ ಮೋಡ್‌ನವರ ಚಟ, ಓಡಿಸುವವರದ್ದಲ್ಲ.

ಲೆಕ್ಕ ಸರಳ. ಗಂಟೆಗೆ 200 ಕಿ.ಮೀ. ವೇಗದ ಕಾರು ಸೆಕೆಂಡಿಗೆ 55 ಮೀಟರ್‌ಗೂ ಹೆಚ್ಚು ದೂರ ಹೋಗುತ್ತದೆ. 60 ಎಫ್‌ಪಿಎಸ್ (ಸೆಕೆಂಡಿಗೆ ಮೂಡುವ ಚಿತ್ರಗಳು, ಅಂದರೆ ಫ್ರೇಮ್‌ಗಳು) ಇದ್ದರೆ ಪ್ರತಿ ಫ್ರೇಮಿಗೆ ಸುಮಾರು ಒಂದು ಮೀಟರ್, 30 ಇದ್ದರೆ ಸುಮಾರು ಎರಡು. ಬ್ರೇಕ್ ಹಾಕುವ ಜಾಗ ತಪ್ಪುವುದು ಇಲ್ಲೇ. ಸರಾಸರಿ ಎಫ್‌ಪಿಎಸ್ ಚೆನ್ನಾಗಿದ್ದೂ ತಿರುವಿನಲ್ಲಿ ಥಟ್ಟನೆ ಕುಸಿದರೆ ಅದು ಇನ್ನೂ ಕೆಟ್ಟದ್ದು. ಹಾಗಾಗುತ್ತಿದ್ದರೆ ಮಿತಿಯನ್ನು 60ಕ್ಕೆ ಕಟ್ಟಿಬಿಡಿ, ಕೈಗೆ ಹಿಡಿತ ಬರುತ್ತದೆ.

ಏನನ್ನೂ ಮುಟ್ಟುವ ಮೊದಲು ಗೇಮಿನೊಳಗಿನ ಬೆಂಚ್‌ಮಾರ್ಕ್ (ವೇಗ ಅಳೆಯುವ ಪರೀಕ್ಷೆ) ಓಡಿಸಿ. ಸಿಪಿಯು (ಕಂಪ್ಯೂಟರಿನ ಮುಖ್ಯ ಪ್ರೊಸೆಸರ್) ಮತ್ತು ಜಿಪಿಯು (ಗ್ರಾಫಿಕ್ಸ್ ಚಿಪ್) ಎಫ್‌ಪಿಎಸ್ ಅಂಕಿಗಳನ್ನು ಅದು ಬೇರೆಬೇರೆಯಾಗಿ ತೋರಿಸುತ್ತದೆ. ಸಿಪಿಯು ಅಂಕಿಯೇ ಕಡಿಮೆ ಇದ್ದರೆ ಜಿಪಿಯು ಹೊರುವ ರೆಸಲ್ಯೂಶನ್ ಇಳಿಸಿ ಪ್ರಯೋಜನವಿಲ್ಲ. ಒಂದು ಸಲಕ್ಕೆ ಒಂದೇ ಸೆಟ್ಟಿಂಗ್ ಬದಲಿಸಿ. ಕೆಲವು ಬದಲಾವಣೆಗಳು ಗೇಮ್ ಮುಚ್ಚಿ ತೆರೆದ ಮೇಲೆಯೇ ಜಾರಿಗೆ ಬರುತ್ತವೆ ಎಂಬುದು ನೆನಪಿರಲಿ. ಗ್ರಾಫಿಕ್ಸ್ ಡ್ರೈವರ್ (ಕಾರ್ಡನ್ನು ನಡೆಸುವ ಸಾಫ್ಟ್‌ವೇರ್) ಅಪ್‌ಡೇಟ್ ಆದಾಗ ಶೇಡರ್‌ಗಳು (ಬೆಳಕು, ಬಣ್ಣ ಮೂಡಿಸುವ ಪುಟ್ಟ ಪ್ರೋಗ್ರಾಂಗಳು) ಮತ್ತೆ ಸಿದ್ಧವಾಗುತ್ತವೆ. ಅದು ಮುಗಿಯುವ ಮುಂಚೆ ಆತುರಪಟ್ಟರೆ ತಡವರಿಕೆ ಖಂಡಿತ.

ಅನಿಸೋಟ್ರೋಪಿಕ್ ಫಿಲ್ಟರಿಂಗ್ ಅನ್ನು ಕಣ್ಣುಮುಚ್ಚಿ ಮೇಲಕ್ಕಿಡಿ. ಓರೆಯಾಗಿ ದೂರ ಸಾಗುವ ರಸ್ತೆಯ ಗೆರೆ, ಡಾಂಬರಿನ ಬಿರುಕು ಅದರಿಂದಲೇ ಸ್ಪಷ್ಟವಾಗುತ್ತವೆ. ಈಗಿನ ಕಾರ್ಡುಗಳಿಗೆ ಅದು ಭಾರವೇ ಅಲ್ಲ. ಎನ್ವಿರಾನ್‌ಮೆಂಟ್ ಜಿಯೋಮೆಟ್ರಿ ಹೈ ಇರಲಿ. ತೀರಾ ಇಳಿಸಿದರೆ ಗಿಡಮರಗಳು ಕಣ್ಣೆದುರೇ ಥಟ್ಟನೆ ಮೂಡಿಬರುತ್ತವೆ, ಕಾಡಿನ ದಾರಿಯಲ್ಲಿ ಇದು ವಿಪರೀತ ಕಿರಿಕಿರಿ. ಎಕ್ಸ್‌ಟ್ರೀಮ್ ಮಾಡಿದರೆ ಸಿಪಿಯು ಮತ್ತು ವೀಡಿಯೊ ಮೆಮೊರಿ (ಗ್ರಾಫಿಕ್ಸ್ ಕಾರ್ಡಿನ ಸ್ವಂತ ಮೆಮೊರಿ) ಎರಡರ ಮೇಲೂ ಹೊರೆ.

ಶ್ಯಾಡೋ (ನೆರಳು), ರಿಫ್ಲೆಕ್ಷನ್ (ಪ್ರತಿಫಲನ), ಎಸ್‌ಎಸ್‌ಆರ್ (ಪರದೆಯಲ್ಲಿ ಕಾಣುವುದರಿಂದಲೇ ಮೂಡಿಸುವ ಪ್ರತಿಫಲನ) ಮೂರನ್ನೂ ಒಂದೆರಡು ಮೆಟ್ಟಿಲು ಇಳಿಸಬಹುದು. ಓಡುವಾಗ ವ್ಯತ್ಯಾಸ ಹಿಡಿಯುವುದು ಕಷ್ಟ, ಉಳಿತಾಯ ಮಾತ್ರ ಚೆನ್ನಾಗಿದೆ. ನೈಟ್ ಶ್ಯಾಡೋಸ್ ಆಫ್ ಮಾಡಿದರೂ ನಡೆಯುತ್ತದೆ. ಮೋಷನ್ ಬ್ಲರ್ (ವೇಗದಲ್ಲಿ ಚಿತ್ರ ಮಸುಕಾಗಿಸುವುದು) ಅವರವರ ರುಚಿ.

ನಿಜವಾದ ತಲೆನೋವು ಆ್ಯಂಟಿ ಅಲಿಯಾಸಿಂಗ್, ಅಂದರೆ ಅಂಚುಗಳ ಮೆಟ್ಟಿಲುಗೆರೆಯನ್ನು ನಯಗೊಳಿಸುವುದು. ಅದರ ಒಂದು ವಿಧಾನವಾದ ಎಂಎಸ್‌ಎಎ 4ಎಕ್ಸ್‌ನಲ್ಲಿ ಕಾರಿನ ಅಂಚು ಚೂರಿಯಂತೆ ಹರಿತ, ಆದರೆ ಎಲೆಗಳ ಮಿನುಗಾಟ ಪೂರ್ತಿ ಹೋಗುವುದಿಲ್ಲ, 8ಎಕ್ಸ್ ಅಂತೂ ದುಬಾರಿ. 2022ರ ನವೆಂಬರ್ ಅಪ್‌ಡೇಟ್‌ನಲ್ಲಿ ಚಿಕ್ಕ ಚಿತ್ರ ಬಿಡಿಸಿ ಹಿಗ್ಗಿಸುವ ಡಿಎಲ್‌ಎಸ್‌ಎಸ್, ಎಫ್‌ಎಸ್‌ಆರ್ 2 ಬಂದವು. ಇವು ಮಿನುಗಾಟ ತಗ್ಗಿಸುತ್ತವೆ, ಎಫ್‌ಪಿಎಸ್ಸನ್ನೂ ಏರಿಸುತ್ತವೆ. ಬದಲಿಗೆ ವೇಗವಾಗಿ ಸರಿಯುವ ವಸ್ತುಗಳ ಹಿಂದೆ ತೆಳು ನೆರಳಿನಂಥ ಜಾಡು ಉಳಿಯಬಹುದು. 1440ಪಿ ರೆಸಲ್ಯೂಶನ್‌ನಲ್ಲಿ ಇವುಗಳ ಕ್ವಾಲಿಟಿ ಮೋಡ್ ನಮ್ಮ ಆಯ್ಕೆ. 1080ಪಿಯಲ್ಲಿ ಮೂಲ ಚಿತ್ರವೇ ತೀರಾ ಚಿಕ್ಕದಾಗಿ ದೂರದ ರಸ್ತೆ ಮಸುಕಾಗುವುದರಿಂದ ಎಂಎಸ್‌ಎಎ 2ಎಕ್ಸ್ ಅಥವಾ 4ಎಕ್ಸ್ ಮೇಲು. ರೇ ಟ್ರೇಸಿಂಗ್ (ಬೆಳಕಿನ ಕಿರಣಗಳನ್ನೇ ಲೆಕ್ಕಹಾಕುವ ವಿಧಾನ) ಸದ್ಯಕ್ಕೆ ಬಿಡಿ. ಓಡುವಾಗ ಅದು ಮುಟ್ಟುವುದು ಕಾರುಗಳ ಪ್ರತಿಫಲನವನ್ನಷ್ಟೇ.

ಟೆಕ್ಸ್ಚರ್ (ಮೇಲ್ಮೈಗಳಿಗೆ ಹೊದಿಸುವ ಚಿತ್ರ) ವಿಷಯಕ್ಕೆ ವೀಡಿಯೊ ಮೆಮೊರಿಯೇ ಯಜಮಾನ. 4 ಜಿಬಿಗೆ ಮೀಡಿಯಂ, 6ಕ್ಕೆ ಹೈ, 8ಕ್ಕೆ ಅಲ್ಟ್ರಾದಿಂದ ಶುರುಮಾಡಿ. ಮೆಮೊರಿ ಸಾಲದು ಎಂಬ ಎಚ್ಚರಿಕೆ ಪರದೆಯ ಮೇಲೆ ಬಂದರೆ ಒಂದು ಮೆಟ್ಟಿಲು ಇಳಿಯಿರಿ. ತುಸು ಹೊತ್ತು ಆಡಿದ ಮೇಲೆಯೇ ಅದು ಕಾಣಿಸುವುದುಂಟು, ಹಾಗಾಗಿ ಬೆಂಚ್‌ಮಾರ್ಕ್ ಒಂದನ್ನೇ ನಂಬಬೇಡಿ. ಎಚ್ಚರಿಕೆ ಇಲ್ಲದೆಯೂ ರಸ್ತೆ ತಡವಾಗಿ ಸ್ಪಷ್ಟವಾಗುತ್ತಿದ್ದರೆ ಗೇಮ್ ಹಾರ್ಡ್ ಡಿಸ್ಕ್‌ನಲ್ಲಿದೆಯೇ ನೋಡಿ. 100 ಜಿಬಿ ಮೀರುವ ಇದನ್ನು ಎಸ್‌ಎಸ್‌ಡಿಗೆ ಸಾಗಿಸಿದರೆ ಆ ತೊಂದರೆ ಬಹುಮಟ್ಟಿಗೆ ತಪ್ಪುತ್ತದೆ.