ಡೋರ್ ಸ್ಪೀಕರ್ ಜಾಲರಿ ಬದಲಾವಣೆ: ಒಂದು ಮಳೆಗಾಲ, ಒಂದು ಬೇಸಿಗೆ ದಾಟಿದ ಮೇಲಿನ ಅಭಿಪ್ರಾಯ

ಕಾರಿನ ಡೋರ್ ಪ್ಯಾಡ್ (ಬಾಗಿಲಿನ ಒಳಬದಿಯ ಹೊದಿಕೆ) ಬಿಚ್ಚಿ, ಸ್ಪೀಕರ್ ಜಾಲರಿಯ ಹಿಂದೆ ಟಾರ್ಚ್ ಹಿಡಿದು ನೋಡಿದರೆ ಸಿಟ್ಟು ಬರುತ್ತದೆ. ಮುಂದಿನಿಂದ ಅಂಗೈಗಿಂತ ಅಗಲಕ್ಕೆ ಸಾಲುಸಾಲಾಗಿ ರಂಧ್ರಗಳು ಕಾಣುತ್ತವೆ. ಬೆಳಕು ಬರುವುದು ಮಾತ್ರ ನಡುವಿನ ಒಂದಿಷ್ಟರಲ್ಲಿ. ಅಂಚಿನವು ಬರೀ ಗುಳಿಗಳು, ಅಂದಕ್ಕೆ ಮಾಡಿದವು. ಕೆಲವು ಗಾಡಿಗಳಲ್ಲಿ ಸ್ಪೀಕರ್ ಕೋನಿನ, ಅಂದರೆ ಅಲುಗಾಡಿ ಸದ್ದು ಹುಟ್ಟಿಸುವ ಬಟ್ಟಲಿನ, ಒಂದು ಭಾಗ ಈ ಕುರುಡು ರಂಧ್ರಗಳ ಹಿಂದೆಯೇ ಕೂತಿರುತ್ತದೆ. ಸ್ಪೀಕರ್‌ಗೆ ಸಾವಿರಾರು ರೂಪಾಯಿ ಕೊಟ್ಟು ಅದರ ಬಾಯಿಗೆ ಪ್ಲಾಸ್ಟಿಕ್ ಮುಚ್ಚಿದ್ದೇವಲ್ಲ ಎನ್ನಿಸುವುದು ಸಹಜ.

ಈ ಅಭಿಪ್ರಾಯ ಸಾಧಾರಣ ಹ್ಯಾಚ್‌ಬ್ಯಾಕ್ ಇರುವವರಿಗೆ. ಕಂಪನಿಯ ಹೆಡ್ ಯೂನಿಟ್ (ಡ್ಯಾಶ್‌ಬೋರ್ಡಿನ ಮ್ಯೂಸಿಕ್ ಸಿಸ್ಟಂ) ಹಾಗೇ ಇದೆ, ಆಂಪ್ಲಿಫೈಯರ್ ಇಲ್ಲ, ಬೇಸ್‌ಗೆಂದೇ, ಅಂದರೆ ಮಂದ್ರ ಸ್ವರಗಳಿಗೆಂದೇ ಇಡುವ ಸಬ್‌ವೂಫರ್‌ಗೆ ಡಿಕ್ಕಿಯ ಜಾಗ ಬಿಟ್ಟುಕೊಡುವ ಮನಸ್ಸಿಲ್ಲ. ಮುಂದಿನ ಎರಡು ಬಾಗಿಲಿನಲ್ಲಿ ಆರೂವರೆ ಇಂಚಿನ ಕೋಆಕ್ಸಿಯಲ್, ಅಂದರೆ ಟ್ವೀಟರ್ (ತಾರ ಸ್ವರಗಳ ಪುಟ್ಟ ಸ್ಪೀಕರ್) ಕೋನಿನ ನಡುವೆಯೇ ಇರುವ ಸ್ಪೀಕರ್. ಕೇಳುವುದು ಊರೊಳಗಿನ ಟ್ರಾಫಿಕ್‌ನಲ್ಲಿ, ಸಣ್ಣ ಸದ್ದಿನಲ್ಲಿ: ಬೆಳಗ್ಗೆ ಆಕಾಶವಾಣಿ ವಾರ್ತೆ, ಸಂಜೆ ಭಾವಗೀತೆ, ರಜಾದಿನ ಕಛೇರಿ ಸಂಗೀತ. ಬದಲಾಯಿಸಿದ್ದು ಎರಡನ್ನು. ಒಂದು, ಜಾಲರಿಯ ನಡುಭಾಗ ಕತ್ತರಿಸಿ 1 ಮಿ.ಮೀ. ದಪ್ಪದ, ರಂಧ್ರ ಕೊರೆದ ಅಲ್ಯೂಮಿನಿಯಂ ಹಾಳೆ (ಪರ್ಫೊರೇಟೆಡ್ ಶೀಟ್) ಕೂರಿಸಿದ್ದು. ಇನ್ನೊಂದು, ಸ್ಪೀಕರಿನ ಅಂಚಿಗೂ ಡೋರ್ ಪ್ಯಾಡಿಗೂ ನಡುವಿನ ಸಂದಿಗೆ ಫೋಮ್ ಬಳೆ ಹಾಕಿದ್ದು. ಎರಡನೆಯದಕ್ಕೆ ಸಾವಿರ ರೂಪಾಯಿಯೂ ಬೇಕಿಲ್ಲ, ಹೆಚ್ಚು ಸುಖ ಕೊಟ್ಟದ್ದು ಮಾತ್ರ ಅದೇ.

ಮೊದಲು ಜಾಲರಿಯ ಲೆಕ್ಕ. ರಂಧ್ರಗಳು ಜೇನುಗೂಡಿನಂತೆ ಸಾಲು ತಪ್ಪಿಸಿ ಕೂತಿದ್ದರೆ, ರಂಧ್ರದ ವ್ಯಾಸದ ವರ್ಗವನ್ನು ನಡುವಿನ ಅಂತರದ ವರ್ಗದಿಂದ ಭಾಗಿಸಿ 90.7ರಿಂದ ಗುಣಿಸಿದರೆ ಶೇಕಡಾ ಎಷ್ಟು ತೆರೆದಿದೆ ಎಂಬುದು ಸಿಗುತ್ತದೆ. ನೇರ ಸಾಲಾದರೆ ಗುಣಿಸಬೇಕಾದದ್ದು 78.5. ಅಂತರವನ್ನು ಒಂದು ರಂಧ್ರದ ನಡುವಿನಿಂದ ಪಕ್ಕದ ರಂಧ್ರದ ನಡುವಿಗೆ ಅಳೆಯಬೇಕು. 2 ಮಿ.ಮೀ. ರಂಧ್ರ, 4 ಮಿ.ಮೀ. ಅಂತರ ಎಂದರೆ ಸುಮಾರು 23 ಶೇಕಡಾ. ಅದೇ ಅಂತರದಲ್ಲಿ ರಂಧ್ರ 3 ಮಿ.ಮೀ. ಆದರೆ 51 ಶೇಕಡಾ. ಒಂದೇ ಮಿಲಿಮೀಟರ್, ದುಪ್ಪಟ್ಟಿಗಿಂತ ಹೆಚ್ಚು ದಾರಿ.

ದಪ್ಪವೂ ಲೆಕ್ಕಕ್ಕೆ ಬರುತ್ತದೆ. ಪ್ರತಿ ರಂಧ್ರದೊಳಗಿನ ಗಾಳಿಗೆ ತೂಕವಿದೆ. ಸ್ವರದ ಕಂಪನಾಂಕ ಏರಿದಷ್ಟೂ ಆ ತೂಕವನ್ನು ಅಲುಗಾಡಿಸುವುದು ಕಷ್ಟ. ಎರಡೂವರೆ ಮಿ.ಮೀ. ದಪ್ಪದ ಪ್ಲಾಸ್ಟಿಕ್‌ನಲ್ಲಿ 23 ಶೇಕಡಾ ತೆರವಿದ್ದರೆ, ಲೆಕ್ಕದ ಪ್ರಕಾರ 10 ಕಿಲೋಹರ್ಟ್ಸ್‌ನಲ್ಲಿ 4ರಿಂದ 6 ಡೆಸಿಬೆಲ್ ನಷ್ಟ. 1 ಮಿ.ಮೀ. ಶೀಟ್, 51 ಶೇಕಡಾ ತೆರವಾದರೆ ನಷ್ಟ 1 ಡೆಸಿಬೆಲ್ ಆಸುಪಾಸಿಗೆ ಇಳಿಯುತ್ತದೆ. ಕಿವಿಗೆ ಇದು ಗೊತ್ತಾಗುವುದು ಸ, ಶ, ಚ ಅಕ್ಷರಗಳಲ್ಲಿ, ತಾಳದ ಕೊನೆಯ ಝೇಂಕಾರದಲ್ಲಿ, ವೀಣೆಯ ತಂತಿಗೆ ಉಗುರು ತಾಗುವ ಕ್ಷಣದಲ್ಲಿ. 100 ಹರ್ಟ್ಸ್‌ನಲ್ಲಿ ಎರಡರ ನಡುವೆ ವ್ಯತ್ಯಾಸವೇ ಇಲ್ಲ. ಜಾಲರಿ ಕತ್ತರಿಸಿದರೆ ಬೇಸ್ ಹೆಚ್ಚುತ್ತದೆ ಎಂದು ಅಂಗಡಿಯವರು ಹೇಳಿದರೆ ನಂಬಬೇಡಿ.

ಹಾಗಾದರೆ ಬೇಸ್ ಎಲ್ಲಿ ಸೋರುತ್ತಿದೆ? ಸಂದಿಯಲ್ಲಿ. ಸ್ಪೀಕರ್ ಕೂತಿರುವುದು ಬಾಗಿಲಿನ ಒಳ ತಗಡಿಗೆ, ಜಾಲರಿ ಇರುವುದು ಡೋರ್ ಪ್ಯಾಡಿನಲ್ಲಿ. ನಡುವೆ ಒಂದು ಸೆಂಟಿಮೀಟರಿನಿಂದ ಮೂರರವರೆಗೂ ಅಂತರ ಇರಬಹುದು. ಕೋನ್ ಮುಂದೆ ತಳ್ಳಿದ ಗಾಳಿ ಪೂರ್ತಿ ನಮ್ಮ ಕಡೆ ಬರುವುದಿಲ್ಲ. ಒಂದು ಪಾಲು ಪಕ್ಕಕ್ಕೆ ಹರಿದು ಪ್ಯಾಡಿನ ಹಿಂಬದಿಗೆ ಹೋಗುತ್ತದೆ. ಅಲ್ಲಿ ಅದು ಮ್ಯಾಪ್ ಪಾಕೆಟ್ಟನ್ನು, ಪವರ್ ವಿಂಡೋ ಸ್ವಿಚ್ಚಿನ ಫಲಕವನ್ನು, ವೈರಿನ ಕಪ್ಲರನ್ನು ಅಲುಗಾಡಿಸುತ್ತದೆ. ತಗಡಿನ ತೆರವುಗಳಿಂದ ಬರುವ ಸ್ಪೀಕರಿನ ಹಿಂಬದಿಯ ಅಲೆಯೂ ಅಲ್ಲೇ ಎದುರಾಗಿ ಒಂದನ್ನೊಂದು ತಿನ್ನುತ್ತವೆ. ಮೃದಂಗದ ತೊಪ್ಪಿಯ ಪೆಟ್ಟು ಗುಂಯ್ ಎನ್ನುವ ಬದಲು ಬಾಗಿಲು ಗಡಗಡ ಎನ್ನುವುದು ಇದರಿಂದ.

ಬಳೆ ಹಾಕುವ ಮುನ್ನ ಸಂದಿಯನ್ನು ಅಳೆಯಬೇಕು. ಮಕ್ಕಳು ಆಡುವ ಕ್ಲೇ ತಂದು, ಸ್ಪೀಕರ್ ಅಂಚಿನ ನಾಲ್ಕು ದಿಕ್ಕಿಗೂ ಎತ್ತರದ ಉಂಡೆ ಅಂಟಿಸಿ, ಪ್ಯಾಡನ್ನು ಕ್ಲಿಪ್ ಕೂರುವಷ್ಟು ಒತ್ತಿ ತೆಗೆಯಿರಿ. ಚಪ್ಪಟೆಯಾದ ಕ್ಲೇಯ ಎತ್ತರವೇ ಸಂದಿ. ನಾಲ್ಕೂ ಕಡೆ ಒಂದೇ ಇರುವುದಿಲ್ಲ, ಪ್ಯಾಡ್ ಬಾಗಿದ ಕಡೆ ಹೆಚ್ಚಿರುತ್ತದೆ. ಅತಿ ಹೆಚ್ಚಿನ ಅಳತೆಗಿಂತ ಕಾಲು ಭಾಗ ಹೆಚ್ಚು ದಪ್ಪದ ಫೋಮ್ ಸಾಕು: 16 ಮಿ.ಮೀ. ಸಂದಿಗೆ 20 ಮಿ.ಮೀ. ಇದಕ್ಕಿಂತ ದಪ್ಪ ಹಾಕಿದರೆ ಪ್ಯಾಡ್ ಉಬ್ಬುತ್ತದೆ, ಕ್ಲಿಪ್ ಪೂರ್ತಿ ಕೂರದೆ ಕೆಲವೇ ವಾರಗಳಲ್ಲಿ ಕಟಕಟ ಶುರುವಾಗುತ್ತದೆ.

ಫೋಮ್ ಕ್ಲೋಸ್ಡ್ ಸೆಲ್ ಜಾತಿಯದೇ ಆಗಬೇಕು, ಇವಿಎ ಅಥವಾ ನಿಯೋಪ್ರೀನ್. ಕುಶನ್ ಅಂಗಡಿಯ ಸ್ಪಂಜು ಬೇಡ. ಅದು ಮಳೆನೀರು ಹೀರಿ ಸ್ಕ್ರೂಗಳಿಗೆ ತುಕ್ಕು ಹಿಡಿಸುತ್ತದೆ, ಗಾಳಿಯನ್ನೂ ತಡೆಯುವುದಿಲ್ಲ. ಪರೀಕ್ಷೆ ಸುಲಭ: ತುಂಡನ್ನು ತುಟಿಗಿಟ್ಟು ಊದಿ. ಗಾಳಿ ಆಚೆ ಹೋದರೆ ಅದು ಕೆಲಸಕ್ಕೆ ಬಾರದು. ಬಳೆಯ ಒಳ ಅಂಚು ಸ್ಪೀಕರಿನ ರಬ್ಬರ್ ಸರೌಂಡಿಗೆ (ಕೋನಿನ ಸುತ್ತಲ ಮೆತ್ತನೆ ಅಂಚಿಗೆ) ತಾಗಬಾರದು, ಚೌಕಟ್ಟಿನ ಲೋಹ ಅಥವಾ ಪ್ಲಾಸ್ಟಿಕ್ ಅಂಚಿನ ಮೇಲೆ ಮಾತ್ರ ಕೂರಬೇಕು. ಅಂಟಿಸುವುದೂ ಸ್ಪೀಕರ್ ಕಡೆಗೆ ಮಾತ್ರ. ಪ್ಯಾಡಿನ ಕಡೆ ಬರೀ ಒತ್ತಿಕೊಂಡಿರಲಿ. ಮುಂದೆ ಯಾವಾಗಲಾದರೂ ಪ್ಯಾಡ್ ತೆಗೆದಾಗ ಬಳೆ ಹರಿಯುವುದಿಲ್ಲ. ಸಾಧಾರಣ ಡಬಲ್ ಟೇಪ್ ಬಿಸಿಲಲ್ಲಿ ನಿಂತ ಕಾರಿನ ಕಾವಿಗೆ ಜಾರುತ್ತದೆ, ಶಾಖ ತಡೆಯುವ ಆಕ್ರಿಲಿಕ್ ಫೋಮ್ ಟೇಪ್ ಕೇಳಿ ತನ್ನಿ.

ಪ್ಯಾಡ್ ಬಿಚ್ಚುವಾಗ ಎಚ್ಚರ. ಒಳ ಹಿಡಿಕೆಯ ಹಿಂದೆ ಒಂದು, ಎಳೆಯುವ ಹಿಡಿಯ ಗುಳಿಯಲ್ಲಿ ಒಂದೋ ಎರಡೋ ಸ್ಕ್ರೂ ಮುಚ್ಚಳದಡಿ ಅಡಗಿರುತ್ತವೆ. ಅವನ್ನು ಬಿಚ್ಚದೆ ಎಳೆದರೆ ಪ್ಯಾಡೇ ಸೀಳುತ್ತದೆ. ಕೆಳ ಮೂಲೆಯಿಂದ ಪ್ಲಾಸ್ಟಿಕ್ ಮೀಟುಗೋಲಿನಲ್ಲಿ ಶುರು ಮಾಡಿ, ಸ್ಕ್ರೂಡ್ರೈವರ್ ತಾಗಿಸಬೇಡಿ. ಅರ್ಧ ಡಜನ್ ಹೊಸ ಕ್ಲಿಪ್ ಮೊದಲೇ ತಂದಿಟ್ಟುಕೊಂಡರೆ ಒಳ್ಳೆಯದು, ಹಳೆಯವು ಒಂದೆರಡಾದರೂ ಮುರಿಯುತ್ತವೆ. ಸೈಡ್ ಏರ್‌ಬ್ಯಾಗ್ ಇರುವ ಕೆಲವು ಕಾರುಗಳಲ್ಲಿ ಬಾಗಿಲಿನೊಳಗಿನ ಗಾಳಿಯ ಒತ್ತಡ ಅಳೆಯುವ ಸೆನ್ಸರ್ ಇರುತ್ತದೆ. ಅಂಥ ಗಾಡಿಯಲ್ಲಿ ಒಳ ತಗಡಿನ ತೆರವುಗಳನ್ನು ಮುಚ್ಚುವುದಾಗಲಿ, ಹೊಸ ತೂತು ಕೊರೆಯುವುದಾಗಲಿ ಬೇಡವೇ ಬೇಡ. ತಗಡಿಗೆ ಅಂಟಿಸಿದ ಪ್ಲಾಸ್ಟಿಕ್ ಹಾಳೆಯನ್ನೂ ಹರಿಯಬೇಡಿ. ಕಿಟಕಿ ಗಾಜಿನಿಂದ ಇಳಿಯುವ ನೀರನ್ನು ಒಳಗೆ ಬರದಂತೆ ತಡೆಯುವುದು ಅದೇ.

ಬಳೆ ಕೂತ ಮೇಲೆ ಮೊದಲು ಗೊತ್ತಾಗುವುದು ಬೇಸ್ ಎಂದುಕೊಳ್ಳುತ್ತೇವೆ. ಗೊತ್ತಾದದ್ದು ಮಾತಿನ ಸ್ಪಷ್ಟತೆ. ವಾರ್ತೆ ಓದುವವರ ಗಂಟಲಿನ ಗುಡುಗುಟ್ಟುವಿಕೆ ಹೋಗಿ ಅಕ್ಷರ ಅಕ್ಷರ ಬಿಡಿಸಿ ಕೇಳುತ್ತದೆ. ವಾಲ್ಯೂಮ್ ಮೂರು ನಾಲ್ಕು ಅಂಕ ಕೆಳಗಿಟ್ಟರೂ ಸಾಕಾಗುತ್ತದೆ. ಸಿಗ್ನಲ್‌ನಲ್ಲಿ ಆಟೋಗಳ ನಡುವೆ ನಿಂತಾಗಲೂ ಸದ್ದು ಏರಿಸಬೇಕು ಅನ್ನಿಸುವುದಿಲ್ಲ. ದಿನಾ ಓಡಾಡುವವರಿಗೆ ಇದು ಸಣ್ಣ ಲಾಭವಲ್ಲ.

ಇನ್ನು ಕತ್ತರಿಸುವ ಕೆಲಸ. ಇದ್ದ ರಂಧ್ರಗಳನ್ನೇ ಡ್ರಿಲ್‌ನಲ್ಲಿ ದೊಡ್ಡದು ಮಾಡುವ ಯೋಚನೆ ಹಲವರಿಗೆ ಬರುತ್ತದೆ. 140 ಮಿ.ಮೀ. ವೃತ್ತದಲ್ಲಿ 4 ಮಿ.ಮೀ. ಅಂತರಕ್ಕೆ ಸುಮಾರು 1,100 ರಂಧ್ರಗಳು, ಅದೂ ಒಂದೇ ಬಾಗಿಲಿಗೆ. ಬಿಟ್ ವೇಗವಾಗಿ ತಿರುಗಿದರೆ ಪ್ಲಾಸ್ಟಿಕ್ ಕರಗಿ ನೂಲೆಳೆಯುತ್ತದೆ, ನಡುವಿನ ಗೆರೆಗಳು ಮುರಿಯುತ್ತವೆ. ಬೇಡ. ಪ್ಯಾಡಿನ ಹಿಂದೆ ಅಚ್ಚೊತ್ತಿದ ಗುರುತು ನೋಡಿ: ಪಿಪಿ ಎಂದಿದ್ದರೆ ಅದು ಪಾಲಿಪ್ರೊಪಿಲೀನ್, ಮಾಮೂಲಿ ಅಂಟು ಹಿಡಿಯುವುದಿಲ್ಲ. ಎಬಿಎಸ್ ಆದರೆ ಎಪಾಕ್ಸಿ ನಿಲ್ಲುತ್ತದೆ. ಪಿಪಿಗೆ ಎಂ3 (3 ಮಿ.ಮೀ. ವ್ಯಾಸದ) ಸ್ಕ್ರೂ, ಅಗಲದ ವಾಷರ್ ಸರಿ. ಅದಕ್ಕಾಗಿ ಕತ್ತರಿಸುವಾಗ ಸುತ್ತ 8ರಿಂದ 10 ಮಿ.ಮೀ. ಅಂಚು ಬಿಡಬೇಕು. ಆರರಿಂದ ಎಂಟು ಸ್ಕ್ರೂ ಒಂದು ಜಾಲರಿಗೆ.

ಲೋಹ ಮತ್ತು ಪ್ಲಾಸ್ಟಿಕ್ ನೇರ ತಾಗಿದರೆ ಯಾವುದೋ ಒಂದು ಸ್ವರಕ್ಕೆ ಜಿರ್ ಎನ್ನುತ್ತದೆ. ನಡುವೆ ಬಟ್ಟೆಯ ಟೇಪ್ ಅಥವಾ ತೆಳು ಬ್ಯುಟೈಲ್ ರಬ್ಬರ್ ಪಟ್ಟಿ ಕೊಡಿ. ಚಪ್ಪಟೆ ತಗಡು ತಾನೇ ಮಿಡಿಯುತ್ತದೆ, ನಡುವೆ ಎರಡು ಮೂರು ಮಿ.ಮೀ. ಉಬ್ಬಿಸಿದರೆ ಬಿಗಿ ಬರುತ್ತದೆ. ಕೋಆಕ್ಸಿಯಲ್‌ನ ಟ್ವೀಟರ್ ಮುಂದಕ್ಕೆ ಚಾಚಿರುತ್ತದೆ, ಅದಕ್ಕೂ ಶೀಟಿಗೂ ನಡುವೆ ಕೆಲವು ಮಿಲಿಮೀಟರ್ ಬಿಡಲೇಬೇಕು. ಸರೌಂಡಿಗೆ 10 ಮಿ.ಮೀ. ಇರಲಿ. ಕಪ್ಪು ಮ್ಯಾಟ್ ಸ್ಪ್ರೇ ಹೊಡೆಯುವುದಾದರೆ ತೆಳುವಾಗಿ. 3 ಮಿ.ಮೀ. ರಂಧ್ರದ ಸುತ್ತ 0.2 ಮಿ.ಮೀ. ಬಣ್ಣ ಕೂತರೂ 51 ಶೇಕಡಾ ತೆರವು 38ಕ್ಕೆ ಇಳಿಯುತ್ತದೆ. ಶೀಟಿಗೆ ಬೆಂಗಳೂರಿನವರು ಎಸ್.ಜೆ.ಪಿ. ರಸ್ತೆಯ ಹಾರ್ಡ್‌ವೇರ್ ಅಂಗಡಿಗಳನ್ನು ನೋಡಬಹುದು. ಮಂಗಳೂರು, ಉಡುಪಿ, ಕಾರವಾರದ ಉಪ್ಪುಗಾಳಿಗೆ ಜಿಐ ಶೀಟ್ (ಸತು ಲೇಪಿಸಿದ ತಗಡು) ಕತ್ತರಿಸಿದ ಅಂಚಿನಿಂದ ತುಕ್ಕು ಹಿಡಿಯುತ್ತದೆ. ಅಲ್ಯೂಮಿನಿಯಂ ಅಥವಾ ಸ್ಟೇನ್‌ಲೆಸ್ ಹಾಕಿ.

ಮಳೆಗಾಲ ಬಂದಾಗ ಕಂಪನಿಯ ಪ್ಲಾಸ್ಟಿಕ್ ಜಾಲರಿಯ ಮೇಲಿನ ಸಿಟ್ಟು ಬಹುಪಾಲು ಇಳಿಯಿತು. ಬಾಗಿಲು ತೆರೆದು ಕೊಡೆ ಮಡಚುವಷ್ಟರಲ್ಲಿ ಹನಿಗಳು ದೊಡ್ಡ ರಂಧ್ರದಿಂದ ನೇರ ಕೋನಿನ ಮೇಲೆ ಬೀಳುತ್ತವೆ. ಹತ್ತಿ ಇಳಿಯುವಾಗ ಶೂ ತಾಗುವುದೂ ಅಲ್ಲಿಗೇ. 1 ಮಿ.ಮೀ. ಅಲ್ಯೂಮಿನಿಯಂ ಒಮ್ಮೆ ತಗ್ಗಿದರೆ ತಗ್ಗಿತು, ಪ್ಲಾಸ್ಟಿಕ್ ಬಾಗಿ ಮತ್ತೆ ನೆಟ್ಟಗಾಗುತ್ತದೆ. ಸಣ್ಣ ರಂಧ್ರ, ದಪ್ಪ ಪ್ಲಾಸ್ಟಿಕ್, ಎರಡಕ್ಕೂ ಕಾರಣವಿದೆ ಎಂದು ಬಳಸುತ್ತಾ ಹೋದಂತೆ ಒಪ್ಪಬೇಕಾಗುತ್ತದೆ. ಆ ಕುರುಡು ರಂಧ್ರಗಳನ್ನು ಮಾತ್ರ ಈಗಲೂ ಒಪ್ಪಲಾಗುವುದಿಲ್ಲ. ಕೋನಿನ ಎದುರಿಗೆ ಬರುವ ಜಾಗದಲ್ಲಾದರೂ ಅವು ಪೂರ್ತಿ ತೂತಾಗಿರಬೇಕಿತ್ತು.

ವಾರಕ್ಕೊಮ್ಮೆಯ ಆರೈಕೆ ಹೆಚ್ಚೇನಿಲ್ಲ, ಆದರೆ ಬಿಡುವಂತಿಲ್ಲ. ಒಣ ಬಣ್ಣದ ಬ್ರಷ್ಷಿನಿಂದ ಜಾಲರಿಯನ್ನು ಮೇಲಿನಿಂದ ಕೆಳಕ್ಕೆ ಮೆಲ್ಲಗೆ ಉಜ್ಜಿ, ಧೂಳು ಉದುರುವಾಗ ವ್ಯಾಕ್ಯೂಮ್ ಕೊಳವೆಯನ್ನು ನಾಲ್ಕು ಬೆರಳು ದೂರದಲ್ಲಿ ಹಿಡಿಯಬೇಕು. ಹತ್ತಿರ ಹಿಡಿದರೆ ಎಳೆತಕ್ಕೆ ಕೋನಿಗೋ ಟ್ವೀಟರಿಗೋ ಪೆಟ್ಟಾಗಬಹುದು. ಡ್ಯಾಶ್‌ಬೋರ್ಡ್ ಪಾಲಿಶನ್ನು ಜಾಲರಿಗೆ ಸಿಂಪಡಿಸದೆ ಬಟ್ಟೆಗೆ ಹಾಕಿ ಒರೆಸಿ. ವಾಟರ್ ವಾಶ್‌ಗೆ ಕೊಟ್ಟಾಗ ಬಾಗಿಲ ಒಳಬದಿಗೆ ಪ್ರೆಶರ್ ಹೊಡೆಯಬೇಡಿ ಅಂತ ನಿಂತು ಹೇಳಲೇಬೇಕು. ಬೇಸಿಗೆ ಮುಗಿದ ಮೇಲೆ ಪ್ಯಾಡ್ ಒಮ್ಮೆ ಬಿಚ್ಚಿ ಎಂ3 ಸ್ಕ್ರೂಗಳನ್ನು ನೋಡಿ. ಕಾವಿಗೆ ಪ್ಲಾಸ್ಟಿಕ್ ಸಡಿಲವಾಗುವುದರಿಂದ ಕಾಲು ಸುತ್ತು ಬಿಗಿಯುವುದು ಇದ್ದೇ ಇರುತ್ತದೆ. ಗಡಗಡ ಹುಡುಕಲು ಫೋನಿನ ಟೋನ್ ಆಪ್‌ನಲ್ಲಿ 40ರಿಂದ 300 ಹರ್ಟ್ಸ್‌ವರೆಗೆ ನಿಧಾನ ಏರಿಸುತ್ತಾ, ಇನ್ನೊಂದು ಕೈಯಲ್ಲಿ ಪ್ಯಾಡನ್ನು ಅಲ್ಲಲ್ಲಿ ಒತ್ತಿದರೆ ಸದ್ದು ನಿಲ್ಲುವ ಜಾಗವೇ ತಪ್ಪಿತಸ್ಥ.

ಟ್ವೀಟರ್ ಬೇರೆಯಾಗಿ ಕನ್ನಡಿಯ ಮೂಲೆಯಲ್ಲೋ ಎ-ಪಿಲ್ಲರ್‌ನಲ್ಲೋ (ಮುಂದಿನ ಗಾಜಿನ ಪಕ್ಕದ ಕಂಬ) ಇರುವ ಕಾರಾದರೆ ಜಾಲರಿಗೆ ಕೈ ಹಚ್ಚುವ ಅಗತ್ಯವೇ ಇಲ್ಲ, ಬಳೆ ಸಾಕು. ಬಾಗಿಲ ಸ್ಪೀಕರ್‌ನಿಂದ ಬರುವ ಸ್ವರಗಳಿಗೆ ಆ ಪ್ಲಾಸ್ಟಿಕ್ ಅಷ್ಟೇನೂ ಅಡ್ಡಿ ಮಾಡುವುದಿಲ್ಲ. ಕೋಆಕ್ಸಿಯಲ್ ಇದ್ದು, ಟಾರ್ಚ್ ಪರೀಕ್ಷೆಯಲ್ಲಿ ಕೋನಿನ ಎದುರು ಕುರುಡು ರಂಧ್ರ ಕಂಡರೆ ಮಾತ್ರ ಕತ್ತರಿಸಿ. ಆಗಲೂ ಗಾಡಿಯ ಮೂಲ ಪ್ಯಾಡಿಗೆ ಗರಗಸ ಇಡಬೇಡಿ. ಶಿವಾಜಿನಗರದ ಗುಜರಿಯಲ್ಲಿ ಅದೇ ಮಾಡೆಲ್ಲಿನ ಹಳೆ ಪ್ಯಾಡ್ ಹುಡುಕಿ, ಅದರ ಮೇಲೆ ಕೆಲಸ ಮಾಡಿ, ಮೂಲದ್ದನ್ನು ಬಟ್ಟೆ ಸುತ್ತಿ ಅಟ್ಟದ ಮೇಲಿಡಿ. ಗಾಡಿ ಮಾರುವ ದಿನ ಅದು ಬೇಕಾಗುತ್ತದೆ. ಹಿಂದಿನ ಬಾಗಿಲುಗಳಿಗೆ ಇದ್ಯಾವುದನ್ನೂ ಮಾಡಬೇಕಿಲ್ಲ, ಆ ದುಡ್ಡಿಗೆ ಮುಂದಿನ ಬಾಗಿಲುಗಳ ಹೊರ ತಗಡಿಗೆ ಅದರ ಕಂಪನ ತಗ್ಗಿಸುವ 2 ಮಿ.ಮೀ. ಬ್ಯುಟೈಲ್ ಡ್ಯಾಂಪಿಂಗ್ ಶೀಟ್ ಬರುತ್ತದೆ.