ಅನುದಾನ ನಿರ್ವಹಣೆಯ ತರಬೇತಿ: ಹೊರಗೆ ಕಳುಹಿಸುವುದೇ, ಕಚೇರಿಯಲ್ಲೇ ಕಲಿಸುವುದೇ?

ಸಂಶೋಧನಾ ಅನುದಾನದ ಲೆಕ್ಕ ನೋಡಿಕೊಳ್ಳುವ ವಿಶ್ವವಿದ್ಯಾಲಯದ ಸಿಬ್ಬಂದಿಗೆ ತರಬೇತಿ ಕೊಡಿಸಬೇಕಾದ ಕುಲಸಚಿವರ ಮುಂದೆ ಎರಡು ದಾರಿಗಳಿವೆ.

ಮೊದಲನೆಯದು, ಫರೀದಾಬಾದಿನ ಅರುಣ್ ಜೇಟ್ಲಿ ರಾಷ್ಟ್ರೀಯ ಹಣಕಾಸು ನಿರ್ವಹಣಾ ಸಂಸ್ಥೆಯಂಥ ಕಡೆಗೆ ಕಳುಹಿಸುವುದು. ಅಲ್ಲಿ ಕೇಂದ್ರ ಸರ್ಕಾರದ 2017ರ ಸಾಮಾನ್ಯ ಹಣಕಾಸು ನಿಯಮಗಳ ತರ್ಕ ತಿಳಿಯುತ್ತದೆ. ಪ್ರಯಾಣದ ಖರ್ಚಿದೆ, ಒಬ್ಬರೇ ಹೋಗಿ ಬಂದರೆ ಅವರ ವರ್ಗಾವಣೆಯೊಂದಿಗೆ ವಿದ್ಯೆಯೂ ಹೋಗುತ್ತದೆ.

ಎರಡನೆಯದು, ನಿವೃತ್ತ ಲೆಕ್ಕಾಧಿಕಾರಿಯೊಬ್ಬರನ್ನು ಕರೆಸಿ ನಮ್ಮದೇ ಕಡತಗಳ ಮೇಲೆ ಕಲಿಸುವುದು. ನನ್ನ ಒಲವು ಇತ್ತ. ಏಕೆಂದರೆ ಎಡವುವುದು ಸಣ್ಣ ಜಾಗಗಳಲ್ಲಿ. ಮುಂಗಡವಾಗಿ ಬಂದ ಅನುದಾನಕ್ಕೆ ಬ್ಯಾಂಕು ಕೊಟ್ಟ ಬಡ್ಡಿ ವಿಭಾಗದ್ದಲ್ಲ. ಅದೇ ಹಣಕಾಸು ನಿಯಮಗಳ 230(8)ರ ಪ್ರಕಾರ ಅದು ಭಾರತದ ಸಂಚಿತ ನಿಧಿಗೆ ಮರಳಬೇಕು. ಅನುದಾನ ಹೇಗೆ ಖರ್ಚಾಯಿತೆಂದು ತಿಳಿಸುವ ಬಳಕೆ ಪ್ರಮಾಣಪತ್ರದ 12-ಎ ನಮೂನೆಯ ಅಂಕಿಗಳು ಖರ್ಚಿನ ತಖ್ತೆಗೆ ಹೊಂದದಿದ್ದರೆ ಮುಂದಿನ ಕಂತು ನಿಲ್ಲುತ್ತದೆ, ಸಂಶೋಧನಾ ಸಹಾಯಕನ ವೇತನವೂ ನಿಲ್ಲುತ್ತದೆ. ಹಳೆಯ ಯೋಜನೆಯೊಂದರ ನಮೂನೆಯನ್ನು ಕೈಯಾರೆ ತುಂಬಿಸಿದರೆ ಇದು ಮನಸ್ಸಿಗೆ ನಾಟುತ್ತದೆ, ಸ್ಲೈಡುಗಳಿಂದ ನಾಟುವುದಿಲ್ಲ. ಆದರೆ ಬಂದ ಅಧಿಕಾರಿ ಹಳೆಯ ಖರೀದಿ ಮಿತಿಗಳನ್ನೇ ಹೇಳಿಕೊಟ್ಟಾರು, ಎಚ್ಚರ. ಜೆಮ್ ಪೋರ್ಟಲ್ (ಸರ್ಕಾರಿ ಖರೀದಿಯ ಆನ್‌ಲೈನ್ ತಾಣ) ಮತ್ತು ಪಿಎಫ್‌ಎಂಎಸ್ (ಸರ್ಕಾರಿ ಹಣದ ಜಾಡು ಹಿಡಿಯುವ ಆನ್‌ಲೈನ್ ವ್ಯವಸ್ಥೆ) ಅವರಿಗೆ ಬರುತ್ತದೆಯೇ ಎಂದು ಮೊದಲೇ ಕೇಳಿ.

ವಿದೇಶಿ ದೇಣಿಗೆ ಪಡೆಯುವ ಸಂಸ್ಥೆಯಾದರೆ ಮಾತು ಬೇರೆ. ಎಫ್‌ಸಿಆರ್‌ಎ, ಅಂದರೆ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯಡಿ ಆ ದೇಣಿಗೆ ಬಂದು ಸೇರುವ ಖಾತೆ ದೆಹಲಿಯ ಎಸ್‌ಬಿಐ ಮುಖ್ಯ ಶಾಖೆಯಲ್ಲಿರಬೇಕು, ತಪ್ಪಿಗೆ ದಂಡವಿದೆ. ಅದಕ್ಕೆ ಇಬ್ಬರನ್ನಾದರೂ ಹೊರಗೆ ಕಳುಹಿಸಿ. ಒಬ್ಬರು ಹಣಕಾಸು ವಿಭಾಗದವರು, ಇನ್ನೊಬ್ಬರು ಯೋಜನಾ ಶಾಖೆಯವರು.